ಜೀಪು ನಿಲ್ಲಿಸಬೇಡಿ ಎಂದಿದ್ದೆ

ಆ ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಐದು ಜನ ಇದ್ದೆವು. ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತ ಅವ್ವ, ಅಕ್ಕಿರೊಟ್ಟಿ ಸುಡುತ್ತಿದ್ದ ನನ್ನ ಹೆಂಡತಿ, ಆಗಷ್ಟೇ ಹೈಸ್ಕೂಲು ಸೇರಿದ್ದ ಮಗಳು, ನಾನು, ಮತ್ತು ಪಕ್ಕದ ತೋಟದ ನನ್ನ ಗೆಳೆಯ. ಅವನನ್ನು ಯಾರೂ ತಿಂಡಿಗೆ ಕರೆದಿರಲಿಲ್ಲ. ಭಾನುವಾರ ನಮ್ಮಲ್ಲಿ ರೊಟ್ಟಿ ಎನ್ನುವುದು ಅವನಿಗಿಂತ ಮೊದಲು ಅವನ ಜೀಪಿಗೆ ಗೊತ್ತಾಗಿ, ಅದು ತಾನಾಗಿ ನಮ್ಮ ಗೇಟಿನೊಳಗೆ ತಿರುಗುತ್ತಿತ್ತು. ಕಳಸದಿಂದ ಸಂಸೆಗೆ ಹೋಗುವ ರಸ್ತೆಯಿಂದ ತುಸು ಒಳಗೆ ನಮ್ಮ ಮನೆ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು.

ರೊಟ್ಟಿಗೆ ಬೆಣ್ಣೆ ಹಚ್ಚಿಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ ನಾನು ವಿಷಯ ಎತ್ತಿದೆ. "ಬೆಂಗಳೂರಲ್ಲಿ ಮ್ಯಾರಥಾನ್ ಅಂತ ಒಂದು ಓಟ ಇದೆ. ಹೆಸರು ಕೊಟ್ಟಿದೀನಿ."

"ಎಷ್ಟು ದೂರ ಓಡ್ಬೇಕಂತೆ?" ಅವ್ವ ಕೇಳಿದಳು.

"ಇಲ್ಲಿಂದ ಕೊಟ್ಟಿಗೆಹಾರಕ್ಕೆ ಹೋದಷ್ಟು, ಹೆಚ್ಚು ಕಮ್ಮಿ."

"ಕೊಟ್ಟಿಗೆಹಾರದಲ್ಲಿ ನೀರುದೋಸೆನಾದ್ರೂ ಸಿಗ್ತದೆ. ಅಲ್ಲಿ ಎಂತ ಕೊಡ್ತಾರೆ?"

"ಮೆಡಲ್ ಕೊಡ್ತಾರೆ ಅಜ್ಜಿ," ಎಂದಳು ಮಗಳು. "ಓಡಿ ಮುಗಿಸಿದೋರಿಗೆಲ್ಲ. ಕೊನೆಗೆ ಬಂದೋರಿಗೂ."

"ಕೊನೆಗೆ ಬಂದೋರಿಗೂ ಕೊಡೋದಾದ್ರೆ ಓಡೋದ್ಯಾಕೆ, ನಡ್ಕೊಂಡು ಹೋದ್ರಾಯ್ತಲ್ಲ!" ಎಂದು ಅವ್ವ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ನೋಡು ಮಗಾ, ಹುಲಿ ಹಿಂದೆ ಬಿದ್ರೆ ಓಡು. ಇಲ್ದಿದ್ರೆ ಕೂತ್ಕಂಡು ತಿನ್ನು."

ಗೆಳೆಯ ನಕ್ಕ ನಗುವಿಗೆ ಬಾಯಲ್ಲಿದ್ದ ಚಟ್ನಿ ಮೂಗಿಗೆ ಹತ್ತಿ, ಹೆಂಡತಿ ಅವನ ನೆತ್ತಿ ತಟ್ಟಬೇಕಾಯಿತು. ಆ ಹುಲಿಯ ಮಾತು ಅವನಿಗೆ ಎಷ್ಟು ಹಿಡಿಸಿತೆಂದರೆ ಮುಂದೆ ತಿಂಗಳುಗಟ್ಟಲೆ ಅದನ್ನೇ ಹೇಳಿಕೊಂಡು ತಿರುಗಿದ.

ಅವ್ವ ಇದ್ದ ಕಡೆ ಮಾತು ಹಾಗೆ ಇರುತ್ತಿತ್ತು. ನನಗೆ ನಾಲ್ಕು ಮಾತು ನೆಟ್ಟಗೆ ಆಡಲು, ಈಗ ಹೀಗೆ ಬರೆಯಲು ಬರುವುದಾದರೆ, ಅದು ಶಾಲೆಯಲ್ಲಿ ಕಲಿತದ್ದಲ್ಲ. ಬಿಸಿಲಿಗೆ ಕೂತು ಕಾಳುಮೆಣಸು ಕೇರುತ್ತಾ ಅವಳು ಹೇಳುತ್ತಿದ್ದ ಕತೆಗಳಿಂದ ಬಂದದ್ದು. ಆ ಮಾತು ನಮ್ಮ ಮನೆಯಿಂದ ಹೇಗೆ ಹೋಯಿತು ಎನ್ನುವುದನ್ನೇ ಇಲ್ಲಿ ಹೇಳಹೊರಟಿದ್ದೇನೆ. ಓಟದ ಕತೆ ಅದರ ಜೊತೆಗೆ ಸೇರಿಕೊಂಡಿದೆ, ಬೇರೆ ಮಾಡಿ ಹೇಳಲು ಬರುವುದಿಲ್ಲ.

ನಾನು ಓಡಲು ಶುರು ಮಾಡಿದ್ದಕ್ಕೆ ಮಗಳ ಶಾಲೆ ಕಾರಣ. ಚಿಕ್ಕಮಗಳೂರಿನಲ್ಲಿ ಕಾಲೇಜು ಓದುವಾಗ ನಾನು ಹಾಸ್ಟೆಲಿನ ಒಳ್ಳೆಯ ಓಟಗಾರರಲ್ಲಿ ಒಬ್ಬ. ಅದನ್ನು ಮಗಳಿಗೆ ಸ್ವಲ್ಪ ಉಪ್ಪುಖಾರ ಹಚ್ಚಿಯೇ ಹೇಳಿದ್ದೆ. ಶಾಲೆಯ ಆಟೋಟದ ದಿನ ಅಪ್ಪಂದಿರಿಗೂ ಒಂದು ಓಟ ಇಟ್ಟರು. ನಾನು ಮೈದಾನದ ಅರ್ಧಕ್ಕೇ ಸೊಂಟ ಹಿಡಿದು ನಿಂತೆ. ನನಗಿಂತ ದಪ್ಪದ ಒಬ್ಬರು ಕನ್ನಡಕ ಸರಿ ಮಾಡಿಕೊಳ್ಳುತ್ತಾ ನನ್ನನ್ನು ದಾಟಿ ಹೋದರು. ಮಗಳು ನಕ್ಕಿದ್ದರೆ ಚೆನ್ನಾಗಿತ್ತು. ಅವಳು ಗೆಳತಿಯರ ಹತ್ತಿರ, "ನಮ್ಮಪ್ಪಂಗೆ ಇವತ್ತು ಹುಷಾರಿಲ್ಲ" ಎಂದು ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಮಾರನೆಯ ಬೆಳಿಗ್ಗೆಯೇ ಹಳೆಯ ಕ್ಯಾನ್ವಾಸ್ ಶೂ ಹಾಕಿ ರಸ್ತೆಗೆ ಇಳಿದೆ.

ರಸ್ತೆಗೆ ಇಳಿದ ಮೇಲೆ ಗೊತ್ತಾಯಿತು, ನಮ್ಮ ಕಡೆ ಸುಮ್ಮನೆ ಓಡಲು ಬರುವುದಿಲ್ಲ ಎಂದು. ಟೆಲಿಫೋನು ಬರುವ ಮುಂಚೆ ಗುಡ್ಡದಾಚೆಯ ನೆಂಟರಿಗೆ ಸಾವಿನ ಸುದ್ದಿ, ಹೆರಿಗೆ ಕಷ್ಟವಾದ ಸುದ್ದಿ ತಲುಪಿಸುತ್ತಿದ್ದದ್ದು ಓಡುವ ಆಳು. ಹಾಗೆ ಓಡಿ ಬಂದವನಿಗೆ ಮೊದಲು ನೀರು ಬೆಲ್ಲ ಕೊಡಬೇಕು, ಅವನ ಏದುಸಿರು ನಿಂತ ಮೇಲೆ "ಯಾರು?" ಎಂದು ಕೇಳಬೇಕು. "ಮೊದ್ಲೇ ಕೇಳಿದ್ರೆ ಸುದ್ದಿ ಅರ್ಧ ಬರ್ತದೆ, ಅರ್ಧ ಉಸಿರಲ್ಲಿ ಹೋಗ್ತದೆ," ಎಂದು ಅವ್ವ ಇದನ್ನು ವಿವರಿಸುತ್ತಿದ್ದಳು. ಅವಳ ತವರಿನಿಂದ ಸುದ್ದಿ ತಂದವನಿಗೆ ಅವಳೇ ಬೆಲ್ಲ ಕೊಟ್ಟು, ಅವನು ಅದನ್ನು ಚೀಪಿ ಮುಗಿಸುವ ತನಕ ಬಾಗಿಲು ಹಿಡಿದು ನಿಂತಿದ್ದಳಂತೆ.

ಹಾಗಾಗಿ ನಾನು ಓಡುವುದು ಕಂಡ ಕೂಡಲೆ ರಸ್ತೆ ಬದಿಯ ಮನೆಗಳಲ್ಲಿ ಗಡಿಬಿಡಿಯಾಯಿತು. ಒಬ್ಬರು ವಯಸ್ಸಾದ ಅಮ್ಮ ಚೊಂಬು ನೀರು, ಅಂಗೈಯಲ್ಲಿ ಬೆಲ್ಲದ ಚೂರು ಹಿಡಿದು ಗೇಟಿಗೇ ಬಂದರು. ನಾನು ಕುಡಿದು ಮುಗಿಸುವ ತನಕ ಕಾದರು. ಆಮೇಲೆ ಸಣ್ಣ ದನಿಯಲ್ಲಿ, "ಯಾರು?" ಎಂದರು.

"ಯಾರೂ ಇಲ್ಲ ಅಮ್ಮ. ಸುಮ್ನೆ ಓಡ್ತಾ ಇದೀನಿ."

ಅವರು ಚೊಂಬು ಕಿತ್ತುಕೊಂಡರು. "ಸುಮ್ನೆ ಯಾರಾದ್ರೂ ಓಡ್ತಾರೇನ್ರೀ? ನಿಮ್ಮವ್ವಂಗೇ ಎಂತೋ ಆಯ್ತು ಅಂತ ನನ್ನ ಎದೆ ಹೊಡ್ಕಳ್ತಾ ಇದೆ ಇನ್ನೂ!"

ಗಾಡಿಗಳದ್ದು ಇನ್ನೊಂದು ಕಷ್ಟ. ನಮ್ಮ ರಸ್ತೆಯಲ್ಲಿ ನಡೆದು ಹೋಗುವವರನ್ನೇ ಜೀಪಿನವರು ಬಿಟ್ಟು ಹೋಗುತ್ತಿರಲಿಲ್ಲ. ಓಡುವವನನ್ನು ಬಿಡುತ್ತಾರೆಯೇ? ಜೀಪು, ಪಿಕಪ್ಪು, ಕೊನೆಗೆ ಬಸ್ಸು ಕೂಡ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. "ಹತ್ತಿ ಮಾರಾಯ್ರೆ!" ಬೇಡ ಎಂದರೆ ಬೇಜಾರು. ಮದುವೆ ಮನೆಯಲ್ಲಿ ಸಿಕ್ಕಾಗ, "ನಮ್ಮ ಜೀಪೆಲ್ಲ ಹಿಡಿಸ್ತದಾ ನಿಮಗೆ" ಎಂದು ಮಾತು ಬರುತ್ತಿತ್ತು. ಮರ್ಯಾದೆಗೆ ಹತ್ತಿ ಕೂತು, ಮುಂದಿನ ತಿರುವಿನಲ್ಲಿ ಇಳಿದು ಮತ್ತೆ ಓಡಿದ್ದೂ ಉಂಟು. ಹೀಗೆ ಓಡಿದರೆ ಬೆಂಗಳೂರು ಮುಟ್ಟುವುದು ಯಾವಾಗ?

ಇದಕ್ಕೆ ಉಪಾಯ ಹುಡುಕಿದವನು ಗೆಳೆಯ. ಗೊಬ್ಬರದ ಅಂಗಡಿಯವರು ಬೆಳೆಗಾರರಿಗೆಲ್ಲ ಪುಕ್ಕಟೆ ಹಂಚಿದ್ದ ಒಂದು ಕೆಂಪು ಟೋಪಿ ತಂದು ನನ್ನ ತಲೆಗೆ ಹಾಕಿದ. "ಈ ಟೋಪಿ ಹಾಕಿದ್ರೆ ನೀನು ಓಟಕ್ಕೆ ಓಡ್ತಾ ಇದೀಯ ಅಂತ ಲೆಕ್ಕ. ಯಾರೂ ನಿಲ್ಸಬಾರ್ದು. ನಾನು ಎಲ್ರಿಗೂ ಹೇಳ್ತೀನಿ ಬಿಡು." ಹೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕಳಸದ ಜೀಪ್ ಸ್ಟ್ಯಾಂಡಿನಲ್ಲಿ, ಕೈಕಂಬದ ಹೋಟೆಲಿನಲ್ಲಿ, ಬಸ್ಸಿನ ಡ್ರೈವರಿಗೆ, ಹಾಲಿನ ಗಾಡಿಯವನಿಗೆ, ಎಲ್ಲರಿಗೂ ಹೇಳಿದ. ನಾನೂ ಸಿಕ್ಕವರಿಗೆಲ್ಲ ಕೈಮುಗಿದು, "ದಯವಿಟ್ಟು ಜೀಪು ನಿಲ್ಲಿಸಬೇಡಿ" ಎಂದೆ.

ಅವ್ವನಿಗೆ ಅದು ಸರಿ ಕಾಣಲಿಲ್ಲ. "ಕರೆಯೋ ಜನರ ಬಾಯಿ ಮುಚ್ಚಿಸಿ ಬಂದ್ಯಲ್ಲ ಮಗಾ," ಎಂದಳು. ಮತ್ತೆ ಮೆಣಸು ಕೇರತೊಡಗಿದಳು.

ನಾನು ಅಂದುಕೊಂಡದ್ದಕ್ಕಿಂತ ಬೇಗ ರಸ್ತೆ ಪಾಠ ಕಲಿಯಿತು. ಒಂದು ಮಳೆಗಾಲ ಮುಗಿಯುವುದರೊಳಗೆ ಯಾರೂ ನಿಲ್ಲಿಸುತ್ತಿರಲಿಲ್ಲ. ಹಾರನ್ ಹೊಡೆದು, ಕೈ ಬೀಸಿ ಹೋಗುತ್ತಿದ್ದರು. ನಾನೂ ಕೈ ಬೀಸುತ್ತಿದ್ದೆ. ಬೆಲ್ಲದ ಅಮ್ಮ ಕೂಡ ಗೇಟಿನಿಂದ, "ಹೋಗಿ ಬನ್ನಿ, ಹೋಗಿ ಬನ್ನಿ" ಎನ್ನುವಷ್ಟು ಹೊಂದಿಕೊಂಡರು.

ಮನೆ ಹೊಂದಿಕೊಳ್ಳಲು ಇನ್ನಷ್ಟು ದಿನ ಹಿಡಿಯಿತು. ಆಳುಗಳ ಹಾಜರಿ ಕರೆಯುವ ಮೊದಲು ಓಡಿ ಬರಬೇಕು. ಬಂದವನ ಶೂ ಬಚ್ಚಲ ಒಲೆಯ ಮೇಲೆ ಒಣಗಬೇಕು. ಆ ವಾಸನೆಗೆ ಹೆಂಡತಿ, "ಇದು ಬಚ್ಚಲೋ ಕುರಿದೊಡ್ಡಿಯೋ" ಎನ್ನುತ್ತಿದ್ದಳು. ಕೊಯ್ಲು ಶುರುವಾದ ಮೇಲೆ ಅವಳ ಸಿಟ್ಟಿಗೆ ಅರ್ಥವೂ ಇತ್ತು. ಹಣ್ಣು ಕಾಫಿಯನ್ನು ಅದೇ ದಿನ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಬೇಕು, ತೊಳೆದ ಬೀಜವನ್ನು ಕಣದಲ್ಲಿ ಹರಡಿ ಕೈಯಾಡಿಸುತ್ತಿರಬೇಕು. ನಾನೋ, ಮಧ್ಯಾಹ್ನ ಊಟ ಮಾಡಿ ಗೋಡೆಗೆ ಒರಗಿದರೆ ಅಲ್ಲೇ ನಿದ್ದೆ. "ಅಪ್ಪ ಬೆಂಗಳೂರಲ್ಲಿ ಓಡ್ಲಿ, ನಾವು ಕಣದಲ್ಲಿ ಓಡೋಣ ಬಾ," ಎಂದು ಅವಳು ಮಗಳನ್ನು ಕರೆದುಕೊಂಡು ಹೋಗುತ್ತಿದ್ದಳು. ಆದರೆ ಉದ್ದದ ಓಟದ ದಿನ ರಾಗಿ ಅಂಬಲಿ ಮಾಡಿ, ಉಪ್ಪು ಸರಿಯಿದೆಯೇ ಎಂದು ತಾನೇ ರುಚಿ ನೋಡಿ ಕೊಡುತ್ತಿದ್ದವಳೂ ಅವಳೇ.

ಅವ್ವ ನನ್ನ ಓಟಕ್ಕೆ ತನ್ನದೇ ಉಪಯೋಗ ಕಂಡುಕೊಂಡಳು. ಹೇಗೂ ಕಳಸದ ತನಕ ಹೋಗುತ್ತೀಯಲ್ಲ, ಅಡಿಕೆ ತಾ, ನಶ್ಯ ತಾ, ಕೊತ್ತಂಬರಿ ಸೊಪ್ಪು ತಾ. ನಾನು ಚಡ್ಡಿಯ ಜೇಬಿಗೆ ವೀಳ್ಯದೆಲೆಯ ಕಟ್ಟು ತುರುಕಿಕೊಂಡು ಏರು ಹತ್ತುವುದನ್ನು ಗೆಳೆಯ ಒಮ್ಮೆ ನೋಡಿ, ಅದಕ್ಕೂ ಒಂದು ಕತೆ ಕಟ್ಟಿದ್ದ.

ಓಟಕ್ಕೆ ಇನ್ನೇನು ಸ್ವಲ್ಪ ದಿನ ಇದೆ ಎನ್ನುವಾಗಿನ ಒಂದು ಭಾನುವಾರ ಅದು. ಜನವರಿಯ ಚಳಿ. ಆಳುಗಳಿಗೆ ರಜೆ, ತೋಟದ ಲೈನ್ ಮನೆಗಳಲ್ಲಿದ್ದವರೆಲ್ಲ ಕಳಸಕ್ಕೆ ಹೋಗಿದ್ದರು. ನಮ್ಮ ಜೀಪು ಗ್ಯಾರೇಜಿನಲ್ಲಿತ್ತು. ಹಿಂದಿನ ದಿನ ಮರ ಹೇರಿದ ಲಾರಿಯೊಂದು ತಂತಿ ಹರಿದುಕೊಂಡು ಹೋಗಿ ಟೆಲಿಫೋನು ಸತ್ತಿತ್ತು. ನಾನು ಜಗಲಿಯಲ್ಲಿ ಕೂತು ಶೂ ದಾರ ಕಟ್ಟುತ್ತಿದ್ದೆ. ಟೋಪಿ ಆಗಲೇ ತಲೆಯ ಮೇಲಿತ್ತು. ಒಳಗಿನಿಂದ ಅವ್ವ ಕೂಗಿ ಹೇಳಿದಳು: "ಬರ್ತಾ ಎಲೆ ತಗಂಡು ಬಾ. ಹೋದ ಸಲ ತಂದಿದ್ದು ಬರೀ ನಾರು. ಅಂಗಡಿಯವನು ಕೊಟ್ಟಿದ್ದು ತರಬೇಡ, ನೋಡಿ ತಾ."

ಅವಳ ಬಾಯಿಂದ ನಾನು ಕೇಳಿದ ಕೊನೆಯ ಪೂರಾ ಮಾತು ಅದು.

ಪಾತ್ರೆ ಬಿದ್ದ ಸದ್ದಾಯಿತು. ಹಿಂದೆಯೇ ಹೆಂಡತಿ ಕೂಗಿದಳು. ಹೋಗಿ ನೋಡಿದರೆ ಅವ್ವ ಮಣೆಯಿಂದ ಪಕ್ಕಕ್ಕೆ ವಾಲಿ ಗೋಡೆಗೆ ಒರಗಿದ್ದಳು. ಬಾಯಿ ಒಂದು ಕಡೆ ಎಳೆದಿತ್ತು. ನನ್ನನ್ನು ನೋಡಿ ಏನೋ ಹೇಳಲು ಹೋದಳು. ಬಂದದ್ದು ಮಾತಲ್ಲ. ಬಲಗೈ ಎತ್ತಲು ಆಗುತ್ತಿರಲಿಲ್ಲ.

"ಓಡಿ," ಎಂದಳು ಹೆಂಡತಿ. "ಯಾವ್ದಾದ್ರೂ ಗಾಡಿ ತನ್ನಿ. ಓಡಿ!"

ಓಡಿದೆ. ಗೆಳೆಯನ ಮನೆಯವರೆಲ್ಲ ಅವತ್ತು ಆಲ್ದೂರಿಗೆ ಮದುವೆಗೆ ಹೋಗುವುದು ನನಗೆ ಗೊತ್ತಿತ್ತು. ಆಗಲೇ ಹೊರಟಿರುತ್ತಾರೆ ಎಂದುಕೊಂಡು ಅವನ ಗೇಟಿನ ಕಡೆ ತಿರುಗದೆ ನೇರ ಕಳಸದ ದಿಕ್ಕಿಗೆ ಹಿಡಿದೆ. ಮೊದಲು ಎದುರಿಗೆ ಬಂದದ್ದು ಹಾಲಿನ ಗಾಡಿ. ಎರಡೂ ಕೈ ಎತ್ತಿ ಬೀಸಿದೆ. ಅವನೂ ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿ, ಹಾರನ್ ಹೊಡೆದು ಹೋದ. ಕೂಗೋಣವೆಂದರೆ ಗಂಟಲಲ್ಲಿ ಉಸಿರು ಬಿಟ್ಟು ಬೇರೇನೂ ಇರಲಿಲ್ಲ. ಆಮೇಲೆ ಹಿಂದಿನಿಂದ ಬಸ್ಸು ಬಂತು. ರಸ್ತೆಯ ನಡುವೆಯೇ ಓಡಿದೆ. ಡ್ರೈವರು ನಗುತ್ತಾ ಬಸ್ಸನ್ನು ಚರಂಡಿಯ ಅಂಚಿಗೆ ಇಳಿಸಿ, ನನಗೆ ತೊಂದರೆಯಾಗದ ಹಾಗೆ ದಾಟಿಸಿಕೊಂಡು ಹೋದ. ಹಿಂದಿನ ಸೀಟಿನ ಮಕ್ಕಳು ಚಪ್ಪಾಳೆ ತಟ್ಟಿದರು.

ಅದರ ಹಿಂದೆಯೇ ಗೆಳೆಯನ ಜೀಪು. ನಾನು ಅವನ ಗೇಟು ದಾಟುವಾಗ ಅವರು ಇನ್ನೂ ಹೊರಟಿರಲಿಲ್ಲ, ಆಗ ತಾನೇ ಹೊರಟು ಬರುತ್ತಿದ್ದರು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ನನ್ನ ಪಕ್ಕಕ್ಕೆ ಬರುವಾಗ ನಿಧಾನ ಮಾಡಿದ. ನಾನು ಕೈ ಚಾಚಿ ಜೀಪಿನ ಬದಿಯನ್ನು ಮುಟ್ಟಿದೆ ಕೂಡ. ಅವನು ತಲೆ ಹೊರಗೆ ಹಾಕಿ, "ಇವತ್ತು ಹುಲಿನೇ ಬಿದ್ದಂಗಿದೆ ಹಿಂದೆ! ಬಿಡ್ಬೇಡ ಮಾರಾಯ, ಬಿಡ್ಬೇಡ!" ಎಂದು ಗೇರು ಬದಲಿಸಿದ. ಜೀಪು ತಿರುವಿನಲ್ಲಿ ಮರೆಯಾಯಿತು.

ಕೊನೆಗೆ ನಿಂತದ್ದು ಗುರುತಿಲ್ಲದ ಒಂದು ವ್ಯಾನು. ಘಟ್ಟದ ಕೆಳಗಿನಿಂದ ಹೊರನಾಡಿಗೆ ಹೊರಟ ಸಂಸಾರ. ಅವರಿಗೆ ನನ್ನ ಓಟದ ಸುದ್ದಿಯಾಗಲಿ, ಟೋಪಿಯ ಲೆಕ್ಕವಾಗಲಿ ಗೊತ್ತಿರಲಿಲ್ಲ. ರಸ್ತೆಯಲ್ಲಿ ಒಬ್ಬ ಓಡುತ್ತಿದ್ದಾನೆ ಎಂದು ನಿಲ್ಲಿಸಿದರು, ಅಷ್ಟೇ.

"ಎಂತ ಆಯ್ತು ಮಾರಾಯ್ರೆ?" ಮುಂದೆ ಕೂತಿದ್ದ ಹಿರಿಯರು ಕೇಳಿದರು.

"ಅವ್ವ..." ಎಂದೆ. ಹಿಂದಿನ ಸೀಟಿನಿಂದ ಒಬ್ಬ ಹೆಂಗಸು ನೀರಿನ ಬಾಟಲಿ ನನ್ನ ಕೈಗಿಟ್ಟರು. "ಸ್ವಲ್ಪ ಕುಡೀರಿ, ಆಮೇಲೆ ಹೇಳಿ," ಎಂದರು. ಹಣೆಯ ಬೆವರು ಒರೆಸಿಕೊಳ್ಳಲು ಕೈ ಎತ್ತಿದಾಗಲೇ ನನಗೆ ಗೊತ್ತಾದದ್ದು, ಟೋಪಿಯನ್ನು ಇನ್ನೂ ಹಾಕಿಕೊಂಡಿದ್ದೇನೆ ಎಂದು.

ಅವರು ವ್ಯಾನು ತಿರುಗಿಸಿದರು. ಅವ್ವನನ್ನು ಅದರಲ್ಲೇ ಮಲಗಿಸಿಕೊಂಡು ಕಳಸದ ಡಾಕ್ಟರ ಹತ್ತಿರ ಹೋದೆವು. ಅವರು ನೋಡಿ, ಲಕ್ವ ಹೊಡೆದಿದೆ, ತಡ ಮಾಡಬೇಡಿ ಎಂದು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ದೇವಸ್ಥಾನಕ್ಕೆಂದು ಹೊರಟ ಆ ಜನ ಬಂದ ದಾರಿಯಲ್ಲೇ ನಮ್ಮನ್ನು ಕೂರಿಸಿಕೊಂಡು ವಾಪಸ್ಸು ಇಳಿದರು.

ಅವ್ವ ಉಳಿದಳು. ಬಲಗಡೆ ಬಿದ್ದು ಹೋಯಿತು, ಮಾತು ಹೋಯಿತು. ಇನ್ನೂ ಸ್ವಲ್ಪ ಮುಂಚೆ ಕರೆತಂದಿದ್ದರೆ ಮಾತು ಉಳಿಯುತ್ತಿತ್ತೇ ಎಂದು ಅಲ್ಲಿಯ ಡಾಕ್ಟರನ್ನು ಕೇಳಿದೆ. "ಹಾಗೆ ಖಂಡಿತ ಹೇಳಲಿಕ್ಕೆ ಬರುವುದಿಲ್ಲ," ಎಂದರು. ಒಳ್ಳೆಯವರು, ನನ್ನ ಭುಜ ಮುಟ್ಟಿ ಹೇಳಿದರು. ಆ ಉತ್ತರ ನನಗೆ ಇವತ್ತಿಗೂ ಯಾವ ಕಡೆಗೂ ವಾಲುವುದಿಲ್ಲ.

ಮಾರನೆಯ ದಿನ ಗೆಳೆಯ ಆಸ್ಪತ್ರೆಗೆ ಬಂದ. ಮದುವೆಯ ಬಿಳಿ ಅಂಗಿಯಲ್ಲೇ ಇದ್ದ. ಅವ್ವನ ಕಾಲ ಹತ್ತಿರ ನಿಂತು, "ದೊಡ್ಡಮ್ಮ" ಎಂದ. ಅವಳು ಅವನನ್ನು ನೋಡಿ ಏನೋ ಸದ್ದು ಮಾಡಿದಳು. ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಕೂತು, "ನೀನು ಜೀಪು ಮುಟ್ಟಿದ್ಯಲ್ಲ..." ಎಂದ. ನಿಂದೇನು ತಪ್ಪು ಎಂದು ನಾನು ಹೇಳಬೇಕಿತ್ತು. ನಾಲಿಗೆಯ ತುದಿಯಲ್ಲಿತ್ತು, ಬರಲಿಲ್ಲ. ಆಮೇಲಿನ ಭಾನುವಾರಗಳಲ್ಲಿ ಅವನ ಜೀಪು ನಮ್ಮ ಗೇಟಿಗೆ ತಿರುಗಲಿಲ್ಲ. ಹೆಂಡತಿ ಕೆಲವು ವಾರ ಅವನ ಪಾಲಿಗೂ ಹಿಟ್ಟು ನಾದಿ, ಆಮೇಲೆ ಬಿಟ್ಟಳು.

ಬೆಂಗಳೂರಿನ ಓಟದ ದಿನ ನಾನು ಕಣದಲ್ಲಿ ಕಾಫಿಗೆ ಕೈಯಾಡಿಸುತ್ತಿದ್ದೆ. ಹೋಗಲಿಲ್ಲವಲ್ಲ ಎಂದು ಬೇಜಾರಾಗಲಿಲ್ಲ. ಟೋಪಿ ಎಲ್ಲಿ ಹೋಯಿತೋ ಗೊತ್ತಿಲ್ಲ, ವ್ಯಾನಿನಲ್ಲೇ ಬಿಟ್ಟಿರಬೇಕು.

ಮಾತಿಲ್ಲದ ಅವ್ವನ ಜೊತೆ ಇರುವುದನ್ನು ನಾವೆಲ್ಲ ಹೊಸದಾಗಿ ಕಲಿತೆವು. ಮಗಳು ಪಾಠ ಹೇಳಿಕೊಡುವವಳ ಹಾಗೆ ಎದುರಿಗೆ ಕೂತು, "ಹೇಳು ಅಜ್ಜಿ, ರೊಟ್ಟಿ" ಎನ್ನುತ್ತಿದ್ದಳು. ಅವ್ವ ಪ್ರಯತ್ನಪಟ್ಟು, ಆಗದೆ, ಸಿಟ್ಟು ಬಂದು ತಟ್ಟೆ ತಳ್ಳುತ್ತಿದ್ದಳು. ಸಂಜೆ ಹೊತ್ತು ನಾನು ಅವಳ ಪಕ್ಕ ಕೂತು ಅವಳ ಕತೆಗಳನ್ನೇ ಅವಳಿಗೆ ಹೇಳುತ್ತಿದ್ದೆ. ಸುದ್ದಿ ತಂದವನು ಬೆಲ್ಲ ಚೀಪಿದ ಕತೆ, ಅವಳ ಮದುವೆ ದಿಬ್ಬಣ ಹೊಳೆ ದಾಟಿದ ಕತೆ. ನಾನು ಎಲ್ಲಾದರೂ ತಪ್ಪಿದರೆ ಎಡಗೈ ಎತ್ತುತ್ತಿದ್ದಳು. ಎಲ್ಲಿ ತಪ್ಪಿದೆ ಎಂದು ಹೇಳಲು ಅವಳಿಂದ ಆಗುತ್ತಿರಲಿಲ್ಲ. ಇದಾ, ಅದಾ ಎಂದು ನಾನು ಕೇಳುತ್ತಾ ಹೋಗಬೇಕು. ಕೆಲವು ತಪ್ಪುಗಳು ಕೊನೆಗೂ ಸಿಗಲಿಲ್ಲ. ಆ ಕತೆಗಳು ಈಗ ನನ್ನ ಬಾಯಲ್ಲಿ ಆ ತಪ್ಪುಗಳ ಸಮೇತ ಉಳಿದಿವೆ. ಮುಂಚೆಯೇ, ಓಡಿ ಬಂದು ಗೋಡೆಗೆ ಒರಗಿ ನಿದ್ದೆ ಮಾಡಿದ ಮಧ್ಯಾಹ್ನಗಳಲ್ಲಿ, ಅವಳ ಮೊರದ ಪಕ್ಕ ಕೂತು ಇನ್ನೊಮ್ಮೆ ಕೇಳಿಸಿಕೊಂಡಿದ್ದರೆ ಎಂದು ಎಷ್ಟೋ ಸಲ ಅನ್ನಿಸುತ್ತದೆ.

ವರ್ಷ ತಿರುಗಿ ಮತ್ತೆ ಕಾಫಿ ಹೂವಾದ ಸಮಯ. ಒಂದು ಭಾನುವಾರ ಹೆಂಡತಿ ನನ್ನ ಶೂಗಳನ್ನು ತೊಳೆದು ಜಗಲಿಯ ಬಿಸಿಲಿಗೆ ಇಟ್ಟಿದ್ದಳು. ಒಣಗಿದ ಮೇಲೆ ಹಾಕಿಕೊಂಡು ಬರಿದಲೆಯಲ್ಲಿ ರಸ್ತೆಗೆ ಇಳಿದೆ. ಸ್ವಲ್ಪ ದೂರ ಓಡಿ ವಾಪಸ್ಸು ತಿರುಗುವಾಗ ಹಿಂದಿನಿಂದ ಜೀಪಿನ ಸದ್ದು ಕೇಳಿಸಿತು. ಸದ್ದಿನಲ್ಲೇ ಯಾರದ್ದೆಂದು ತಿಳಿಯಿತು. ಜೀಪು ನನ್ನ ಪಕ್ಕಕ್ಕೆ ಬಂದು ನಿಂತಿತು. ಗೆಳೆಯ ಪಕ್ಕದ ಸೀಟಿನ ಮೇಲಿದ್ದ ಚೀಲ ತೆಗೆದು ಹಿಂದಕ್ಕೆ ಹಾಕಿದ.

ಮನೆ ಅಲ್ಲಿಗೆ ಎರಡು ತಿರುವು. ನಾನು ಹತ್ತಿ ಕೂತೆ.

ಜೀಪು ನಮ್ಮ ಗೇಟಿನೊಳಗೆ ತಿರುಗಿತು. ಜಗಲಿಯ ಕುರ್ಚಿಯಲ್ಲಿದ್ದ ಅವ್ವ, ಓಟದ ಶೂ ಹಾಕಿಕೊಂಡು ಜೀಪಿನಿಂದ ಇಳಿದ ನನ್ನನ್ನು ನೋಡಿದಳು. ಅವಳ ಅರ್ಧ ಮುಖ ನಕ್ಕಿತು. ಹೆಂಡತಿ ನೀರು ಬೆಲ್ಲ ತಂದಳು. ಗೆಳೆಯ ಮೆಟ್ಟಿಲ ಮೇಲೆ ಕೂತು ನೀರು ಕುಡಿದು, "ರೊಟ್ಟಿ ಇದೆಯಾ ಅತ್ತಿಗೆ?" ಎಂದು ಕೇಳಿದ. ಇದೆ ಎಂದಳು. ಎರಡು ತಿಂದು ಹೋದ.